ದಾವಣಗೆರೆಯಿಂದ ಶಿಪ್‌ಯಾರ್ಡ್‌ಗೆ: ವೆಲ್ಡರ್ ಕೆಲಸಕ್ಕೆ ಸಿದ್ಧರಾಗುವ ಬಗೆ

ಹಡಗು ನಿರ್ಮಾಣ ಕ್ಷೇತ್ರಕ್ಕಾಗಿ ಕೇಂದ್ರ ಸಚಿವ ಸಂಪುಟವು 2025ರ ಸೆಪ್ಟೆಂಬರ್‌ನಲ್ಲಿ 69,725 ಕೋಟಿ ರೂಪಾಯಿಗಳ ಪ್ಯಾಕೇಜಿಗೆ ಒಪ್ಪಿಗೆ ನೀಡಿತು. ಕಡಲಿಲ್ಲದ ದಾವಣಗೆರೆ, ಹರಿಹರ, ಚಿತ್ರದುರ್ಗದ ಯುವಕರಿಗೆ ಇದು ದೂರದ ಸುದ್ದಿ ಎನಿಸಬಹುದು; ಆದರೆ ಹಡಗಿನ ಒಡಲೆಂದರೆ ಬಹುಮಟ್ಟಿಗೆ ಉಕ್ಕಿನ ಹಾಳೆಗಳನ್ನು ಕತ್ತರಿಸಿ, ಬಾಗಿಸಿ, ಬೆಸೆಯುವ ಕೆಲಸವೇ ಆಗಿದ್ದು, ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ನಮ್ಮ ವರ್ಕ್‌ಶಾಪ್‌ಗಳಲ್ಲಿ ಪಳಗಿದ ಕೈಗಳಿಗೆ ಅದರ ಮೊದಲ ಪಾಠ ಹೊಸದಲ್ಲ.

ಮೊದಲು ಐಟಿಐಯಲ್ಲಿ ಒಂದು ವರ್ಷದ ವೆಲ್ಡರ್ ಅಥವಾ ಎರಡು ವರ್ಷದ ಫಿಟ್ಟರ್ ತರಬೇತಿ ಮುಗಿಸಿ.

ನಿಜವಾದ ಪರೀಕ್ಷೆ ಇರುವುದು ಬೆಸುಗೆಯ ಭಂಗಿಯಲ್ಲಿ. ಮೇಜಿನ ಮೇಲೆ ಮಲಗಿಸಿದ ಪ್ಲೇಟನ್ನು ಬೆಸೆಯುವುದು ಸುಲಭ. ಹಡಗಿನೊಳಗೆ ನೆಟ್ಟಗೆ ನಿಂತ ಗೋಡೆಯನ್ನೂ ತಲೆಯ ಮೇಲಿನ ಪ್ಲೇಟನ್ನೂ ಇಕ್ಕಟ್ಟಿನಲ್ಲಿ ಬೆಸೆಯಬೇಕಾಗುತ್ತದೆ. ಆದ್ದರಿಂದ 3ಜಿ (ನೆಟ್ಟಗೆ ನಿಂತ ಪ್ಲೇಟ್) ಮತ್ತು 4ಜಿ (ತಲೆಯ ಮೇಲಿನ ಪ್ಲೇಟ್) ಭಂಗಿಗಳನ್ನು ದಿನವೂ ಅಭ್ಯಾಸ ಮಾಡಿ, ಬೆಸೆದ ತುಂಡನ್ನು ಕತ್ತರಿಸಿ ಬಾಗಿಸಿ, ಬಿರುಕು ಕಾಣುತ್ತದೆಯೇ ನೋಡಿ. ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್‌ನಂತಹ ವರ್ಗೀಕರಣ ಸಂಸ್ಥೆಗಳು (ಹಡಗಿನ ಗುಣಮಟ್ಟ ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಸಂಸ್ಥೆಗಳು) ವೆಲ್ಡರ್‌ಗೆ ನೀಡುವ ಅರ್ಹತೆಯು ಪರೀಕ್ಷಿಸಿದ ವಿಧಾನ, ಭಂಗಿ ಮತ್ತು ದಪ್ಪಕ್ಕೆ ಅನುಗುಣವಾದ ಮಿತಿಯಲ್ಲಿ ಮಾತ್ರ ಅನ್ವಯಿಸುತ್ತದೆ. ಹಳೆಯ ಅನುಭವದ ಪತ್ರ ಇಲ್ಲಿ ಸಾಕಾಗುವುದಿಲ್ಲ.

ಬಳಿಕ 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿಗೆ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಿ. ಕೊಚ್ಚಿನ್ ಶಿಪ್‌ಯಾರ್ಡ್ ಇರುವ ಕೊಚ್ಚಿ ತೀರಾ ದೂರವೆನಿಸಿದರೆ, ಅದರ ಅಂಗಸಂಸ್ಥೆ ಮಲ್ಪೆಯಲ್ಲಿಯೇ ಇದೆ. ಪ್ರಕಟಣೆಗಳನ್ನು ಕಂಪನಿಯ ಜಾಲತಾಣದಲ್ಲಿಯೇ ಓದಿ, ಮಧ್ಯವರ್ತಿಗಳಿಗೆ ಹಣ ಕೊಡಬೇಡಿ. ಗುತ್ತಿಗೆದಾರರ ಮೂಲಕ ಸೇರುವುದಾದರೆ ಭವಿಷ್ಯನಿಧಿ ಮತ್ತು ಇಎಸ್ಐ ಸಂಖ್ಯೆಗಳನ್ನು ಮೊದಲ ತಿಂಗಳಲ್ಲೇ ಕೇಳಿ ಪಡೆಯಿರಿ.