ರಕ್ತದ ರಿಪೋರ್ಟ್ ಪಕ್ಕದಲ್ಲಿ ಇನ್ನೊಂದು ಕಾಲಂ

"ಪೇಶೆಂಟ್ ಬಾಗಿಲಿಂದ ಕುರ್ಚಿಗೆ ಬರುವಷ್ಟರಲ್ಲಿ ಹೇಗಿದ್ದಾನೆ ಅಂತ ನನಗೆ ಗೊತ್ತಾಗುತ್ತಪ್ಪಾ. ಅದಕ್ಕೊಂದು ಫಾರ್ಮ್ ಬೇರೆ ಯಾಕೆ?" ನೋವು, ಆಯಾಸ ಎಷ್ಟಿದೆ ಅಂತ ಪೇಶೆಂಟೇ ತುಂಬುವ ಫಾರ್ಮ್ ತಂದ ಮೊದಲ ದಿನ ನಮ್ಮ ಹಿರಿಯ ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರ್) ಹೇಳಿದ ಮಾತು ಇದು. ಈಗ ಅದೇ ಫಾರ್ಮ್ ಟೇಬಲ್ ಮೇಲಿಲ್ಲದಿದ್ದರೆ ಸಿಸ್ಟರ್ ಮೇಲೆ ರೇಗುತ್ತಾರೆ. ನಡುವೆ ಸುಮಾರು ಎರಡೂವರೆ ವರ್ಷ ಹೋಯಿತು. ನನ್ನ ಜೇಬಿನಿಂದ ಹತ್ತಿರಹತ್ತಿರ ಒಂದೂವರೆ ತಿಂಗಳ ಸಂಬಳವೂ ಹೋಯಿತು.

ಶುರು ಮಾಡಿದ್ದು ಕ್ಯೂಎಲ್‌ಕ್ಯೂ-ಸಿ30 ಇಂದ, ಅಂದರೆ ಕ್ಯಾನ್ಸರ್ ಪೇಶೆಂಟ್‌ಗಳ ಜೀವನ ಹೇಗೆ ನಡೆಯುತ್ತಿದೆ ಅಂತ ಅಳೆಯುವ ಪ್ರಶ್ನಾವಳಿ. ಮೂವತ್ತು ಪ್ರಶ್ನೆ, ಪ್ರತಿ ಭೇಟಿಗೂ, ಎಲ್ಲರಿಗೂ. ನನ್ನ ಹುಮ್ಮಸ್ಸು ಹಾಗಿತ್ತು. ಎರಡನೇ ವಾರಕ್ಕೇ ಡ್ರಾಯರ್ ತುಂಬ ಫಾರ್ಮ್, ಅರ್ಧಕ್ಕರ್ಧ ಖಾಲಿ. ತುಂಬಿದವುಗಳಲ್ಲೂ ಎಷ್ಟೋ ಜೊತೆಗೆ ಬಂದವರು ಬರೆದದ್ದು. ಒಬ್ಬ ಮಗ ತಾಯಿಗೆ "ನಿದ್ದೆ ತೊಂದರೆ ಇಲ್ಲ" ಎಂದು ಸುತ್ತು ಹಾಕಿದ್ದ. ಕೇಳಿದರೆ ಅವನು ಇರುವುದೇ ಬೇರೆ ಮನೆಯಲ್ಲಿ!

ಆಮೇಲೆ ಹಾಳೆಯ ಬದಲು ಟ್ಯಾಬ್ಲೆಟ್ ಕಂಪ್ಯೂಟರಿನ ಹುಚ್ಚು. ಮೂರು ಕೊಂಡೆ. ಒಂದು ಬಿದ್ದು ಒಡೆಯಿತು, ಒಂದರ ಚಾರ್ಜರ್ ಕಾಣೆಯಾಯಿತು. ಸಾಫ್ಟ್‌ವೇರ್ ಮಾಡಿಕೊಟ್ಟವನು ಹಣ ತಗೊಂಡು ಫೋನ್ ಎತ್ತುವುದನ್ನು ನಿಲ್ಲಿಸಿದ. ಸ್ಕೋರ್ ಬರುವುದು ಸಂಜೆ, ಪೇಶೆಂಟ್ ಮನೆ ಸೇರಿದ ಮೇಲೆ. ಉಳಿದ ಒಂದನ್ನು ಕೊಂಡ ಬೆಲೆಯ ಕಾಲು ಭಾಗಕ್ಕೆ ಮಾರಿದೆ.

ಇದರ ಜೊತೆಗೆ ಸ್ಕೋರ್ ದಿಕ್ಕಿನ ಗೊಂದಲ. ಸಿ30ಯಲ್ಲಿ ಕಾರ್ಯಶಕ್ತಿಯ ಸ್ಕೋರ್ ನೂರಕ್ಕೆ 80 ಅಂದರೆ ಒಳ್ಳೆಯದು, ಲಕ್ಷಣದ ಸ್ಕೋರ್ 80 ಅಂದರೆ ಕೆಟ್ಟದ್ದು. ಒಬ್ಬ ಸಹೋದ್ಯೋಗಿ ಆಯಾಸ 78 ಎಂದು ನೋಡಿ "ಪರವಾಗಿಲ್ಲ, ಚೆನ್ನಾಗೇ ಇದಾರೆ" ಎಂದು ಮುಂದಿನ ಕೀಮೋ ಸೈಕಲ್ ಬರೆದುಬಿಟ್ಟರು. ಅವರನ್ನು ಬೈಯಲೂ ಬಾಯಿ ಬರಲಿಲ್ಲ. ಹಾಳೆಯಲ್ಲಿ ಯಾವುದು ಯಾವ ಕಡೆ ಅಂತ ನಾನೇ ಬರೆದಿರಲಿಲ್ಲ.

ಡಾಕ್ಟರುಗಳೆಲ್ಲ ಹೇಳುತ್ತಿದ್ದದ್ದು "ಟೈಮ್ ಇಲ್ಲ" ಅಂತ. ನಾನೂ ನಂಬಿದ್ದೆ. ಒಂದು ದಿನ ರೌಂಡ್ಸ್ ಮುಗಿದ ಮೇಲೆ ಜೂನಿಯರ್ ಒಬ್ಬಳು ನಿಜ ಹೇಳಿದಳು: "ಹಿಮೋಗ್ಲೋಬಿನ್ 6 ಇದ್ರೆ ರಕ್ತ ಕೊಡ್ತೀನಿ ಸಾರ್. ಆಯಾಸ ಜಾಸ್ತಿ ಅಂತ ಬಂದ್ರೆ ಏನ್ ಮಾಡ್ಲಿ? ನೋಡಿಯೂ ಸುಮ್ನಿದ್ದೆ ಅಂತ ಆಗುತ್ತಲ್ಲ." ಟೈಮ್‌ಗಿಂತ ಈ ಭಯವೇ ಜಾಸ್ತಿ ಇತ್ತು. ಅಲ್ಲಿಂದ ನನ್ನ ದಾರಿ ಬದಲಾಯಿತು.

ಸಿ30 ಅನ್ನು ಮೂರು ತಿಂಗಳಿಗೊಮ್ಮೆ ಮಾತ್ರ ಇಟ್ಟುಕೊಂಡೆ. ಪ್ರತಿ ಭೇಟಿಗೆ ಎಡ್ಮಂಟನ್ ಪಟ್ಟಿ: ನೋವು, ಆಯಾಸ, ಆತಂಕದಂಥ ಲಕ್ಷಣಗಳಿಗೆ ಒಂಬತ್ತು ಸಾಲು, ಸೊನ್ನೆಯಿಂದ ಹತ್ತು (ಅಂಕ ಹೆಚ್ಚಾದಷ್ಟೂ ತೊಂದರೆ ಜಾಸ್ತಿ), ಕೊನೆಯಲ್ಲಿ "ಇತರೆ" ಅಂತ ಒಂದು ಖಾಲಿ ಸಾಲು. ಬೇರೆ ಹಾಳೆ ಮಾಡಲಿಲ್ಲ. ಸಿಬಿಸಿ, ಕ್ರಿಯಾಟಿನಿನ್‌ನಂಥ ರಕ್ತಪರೀಕ್ಷೆಯ ಫಲಿತಾಂಶ ಬರೆಯುವ ಹಾಳೆಯಲ್ಲೇ ಬಲಗಡೆ ಒಂದು ಕಾಲಂ. 4 ದಾಟಿದರೆ ಸಿಸ್ಟರ್ ಸುತ್ತು ಹಾಕುತ್ತಾರೆ, 7 ದಾಟಿದರೆ ಕೆಂಪು ಪೆನ್ನು. ಹಾಳೆಯ ಹಿಂದೆ ಯಾವ ಸುತ್ತಿಗೆ ಯಾರು ಏನು ಮಾಡಬೇಕು ಅಂತ ಒಂದೊಂದೇ ಸಾಲು. ಆಯಾಸಕ್ಕೆ ಹಿಮೋಗ್ಲೋಬಿನ್, ಥೈರಾಯ್ಡ್, ನಿದ್ದೆ, ತಗೊಳ್ಳುತ್ತಿರುವ ಮಾತ್ರೆಗಳು ನೋಡು. ಮನಸ್ಸು ಕುಗ್ಗಿದ್ದರೆ ಕೌನ್ಸೆಲರ್ ಹತ್ತಿರ ಅದೇ ದಿನ ಕಳಿಸು. ಖರ್ಚು? ಜೆರಾಕ್ಸ್, ಕೆಂಪು ಪೆನ್ನು. ಅಷ್ಟೇ.

ಹಿರಿಯರನ್ನು ಒಪ್ಪಿಸಲು ಒಂದು ಪಂದ್ಯ ಕಟ್ಟಿದೆ. ಇಪ್ಪತ್ತು ಪೇಶೆಂಟ್. ಪೇಶೆಂಟ್ ಒಳಗೆ ಬಂದು ಕೂತ ತಕ್ಷಣ ಪೇಶೆಂಟ್ ಯಾವ ಸಾಲಿಗೆ ಎಷ್ಟು ಅಂಕ ಕೊಟ್ಟಿರಬಹುದು ಅಂತ ಹಿರಿಯರು ತಮ್ಮ ಅಂದಾಜು ಬರೆದು ಕವರಿಗೆ ಹಾಕಬೇಕು. ನೋವು ಬಹುಮಟ್ಟಿಗೆ ಸರಿ ಹಿಡಿದರು. ಆಯಾಸ, ಆತಂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಮೂರು ಅಂಕವೋ ಅದಕ್ಕಿಂತ ಜಾಸ್ತಿಯೋ ತಪ್ಪು. ಡಾಕ್ಟರರ ಅಂದಾಜನ್ನು ನಂಬಲಾಗದು ಅಂತ ಬ್ರಿಟನ್ನಿನಲ್ಲಿ 1988ರಲ್ಲೇ ಪೇಪರ್ ಬಂದಿದೆ, ಅದನ್ನು ಅವರಿಗೆ ಓದಿಸಿಯೂ ಇದ್ದೆ. ಆದರೆ ಪೇಪರಿಗೆ ಬಗ್ಗದವರು ತಮ್ಮದೇ ಅಕ್ಷರಕ್ಕೆ ಬಗ್ಗಿದರು. ನಾನೂ ಜೊತೆಗೆ ಅಂದಾಜು ಬರೆದಿದ್ದೆ. ನನ್ನ ಫಲಿತಾಂಶ ಬಿಡಿ.

ಹಿರಿಯರನ್ನು ಪೂರ್ತಿ ಬದಲಾಯಿಸಿದ್ದು ಮಾತ್ರ ಒಬ್ಬ ಪೇಶೆಂಟ್. ಕರುಳಿನ ಕ್ಯಾನ್ಸರ್, ಆಕ್ಸಾಲಿಪ್ಲಾಟಿನ್ ನಡೆಯುತ್ತಿತ್ತು; ಬೆರಳಿನ ನರಗಳನ್ನು ಮರಗಟ್ಟಿಸಬಲ್ಲ ಕೀಮೋ ಔಷಧಿ ಅದು. ಪ್ರತಿ ಸಲ "ಚೆನ್ನಾಗಿದೀನಿ ಡಾಕ್ಟ್ರೇ" ಅನ್ನುವ ಮನುಷ್ಯ. ಅವತ್ತು "ಇತರೆ" ಸಾಲಿನಲ್ಲಿ ನಡುಗುವ ಅಕ್ಷರದಲ್ಲಿ ಬರೆದಿದ್ದರು: "ಅಂಗಿ ಗುಂಡಿ ಹಾಕಲು ಆಗುವುದಿಲ್ಲ. ಹೆಂಡತಿ ಹಾಕುತ್ತಾಳೆ." ಹಿರಿಯರು ಓದಿ, ಅವರ ಕೈ ಹಿಡಿದು, ಬೆರಳ ತುದಿ ಮುಟ್ಟಿ ಮುಟ್ಟಿ ನೋಡಿದರು. "ಮೊದಲೇ ಯಾಕೆ ಹೇಳ್ಲಿಲ್ಲ?" "ಹೇಳಿದ್ರೆ ಕೀಮೋ ನಿಲ್ಲಿಸ್ತೀರ ಅಂತ." ಆ ಔಷಧಿ ಅವತ್ತೇ ನಿಂತಿತು, ಉಳಿದ ಕೀಮೋ ಮುಂದುವರಿಯಿತು.

ಆಮೇಲೂ ಹಿರಿಯರು ಒಂದು ಪ್ರಶ್ನೆ ಕೇಳಿದರು, "ಇದರಿಂದ ಆಯಸ್ಸು ಹೆಚ್ಚುತ್ತಾ?" 2017ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಮೆರಿಕದ ಟ್ರಯಲ್ ತೋರಿಸಿದೆ. 766 ಪೇಶೆಂಟ್, ಲಕ್ಷಣಗಳನ್ನು ತಾವೇ ವರದಿ ಮಾಡಿದವರ ಗುಂಪಿನಲ್ಲಿ ಮೀಡಿಯನ್ (ಅರ್ಧದಷ್ಟು ಜನ ದಾಟಿದ) ಆಯಸ್ಸು ಸುಮಾರು 31 ತಿಂಗಳು, ಮಾಮೂಲಿ ಗುಂಪಿನಲ್ಲಿ 26. "ಇಂಥ ವ್ಯತ್ಯಾಸ ಕೊಡುವ ಹೊಸ ಔಷಧಿ ಬೆಲೆ ಗೊತ್ತಾ ನಿಂಗೆ?" ಎಂದು ನನ್ನನ್ನೇ ಕೇಳಿದರು. ಜೆರಾಕ್ಸ್ ಬಿಲ್ ನೆನಪಾಗಿ ನಕ್ಕೆ.

ಮಧ್ಯೆ ಒಂದೆರಡು ಅಡ್ಡ ಪ್ರಯೋಗವೂ ಮಾಡಿದೆ. ನಗುವ ಮುಖ, ಅಳುವ ಮುಖದ ಚಿತ್ರ ಇಟ್ಟರೆ ಡಾಕ್ಟರಿಗೆ ಬೇಜಾರಾಗಬಾರದು ಅಂತ ಎಲ್ಲರೂ ನಗುವ ಮುಖವನ್ನೇ ಆರಿಸುತ್ತಿದ್ದರು. ಬಿಟ್ಟೆ. ಕೀಮೋ ಆದ ಐದನೇ ದಿನ ಫೋನಿನಲ್ಲಿ ಕೇಳುವುದು ಚೆನ್ನಾಗಿ ನಡೆಯುತ್ತಿದೆ. ಓಪಿಡಿಯಲ್ಲಿ 3 ಹೇಳುವವರು ಮನೆಯಿಂದ 6 ಹೇಳುತ್ತಾರೆ.

ಟೈಮ್ ವಿಷಯ ಕೇಳುವವರಿಗೆ: ಗಡಿಯಾರ ಹಿಡಿದು ನೋಡಿದೆ, ಭೇಟಿ ಉದ್ದವಾಗಲಿಲ್ಲ. "ಮತ್ತೇನು ಸಮಾಚಾರ" ಎಂದು ಸುತ್ತಾಡುವ ಮಾತು ಹೋಯಿತು, ನೇರ ಕೆಂಪು ಸುತ್ತಿಗೇ ಬರುತ್ತೇವೆ. ಪೇಶೆಂಟ್ ತಾವೇ ತುಂಬುವಂತೆ ಮಾಡಲು ಸಿಸ್ಟರ್ ಹಾಳೆ ಕೊಡುವಾಗ ಒಂದು ವಾಕ್ಯ ಹೇಳುತ್ತಾರೆ. ಜೊತೆಯವರು ತಾವಾಗಿಯೇ ಪೆನ್ನು ಕೆಳಗಿಡುತ್ತಾರೆ. ಅದಕ್ಕೆ ಆರು ತಿಂಗಳು ಒದ್ದಾಡಿದ್ದೇನೆ, ಇಲ್ಲಿ ಪುಕ್ಕಟೆ ಬರೆಯುವುದಿಲ್ಲ. ನಮ್ಮ ಓಪಿಡಿಗೆ ಬಂದು ನಿಂತರೆ ನೀವೇ ಕೇಳಿಸಿಕೊಳ್ಳಬಹುದು.

ಆದರೆ ಹೋದ ತಿಂಗಳು ಆ ಸಿಸ್ಟರಿಗೆ ಬೇರೆ ವಾರ್ಡಿಗೆ ಡ್ಯೂಟಿ ಹಾಕಿದರು. ನೂರಕ್ಕೆ ತೊಂಬತ್ತು ತುಂಬುತ್ತಿದ್ದ ಹಾಳೆ ಐವತ್ತಕ್ಕೆ ಇಳಿಯಿತು. ಸದ್ಯಕ್ಕೆ ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಬಂದು ಹಾಳೆ ಹಂಚುತ್ತಿರುವವನು ನಾನೇ.