ಪುಣೆಯಿಂದ ಫ್ರಾನ್ಸಿನ ಲ್ಯಾಬಿಗೆ: ನನ್ನ ಪರ್ಮಿಟ್ ಓಡಾಟ

ಪುಣೆಯ ಪಾಷಾಣ್ ಬಡಾವಣೆ ಕಡೆ ಪಿಎಚ್‌ಡಿ ಮುಗಿಸಿ ಯುರೋಪಿಗೆ ಹೊರಟವರೆಲ್ಲ ಮೊದಲು ಕೇಳುವುದು ವೀಸಾ ಬಗ್ಗೆ. ನನ್ನ ಪ್ರಕಾರ ಅದೇ ಸಲೀಸು. ಜಾಸ್ತಿ ಸತಾಯಿಸುವುದು ಜನನ ಪ್ರಮಾಣಪತ್ರ.

ನಾನು ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ನಂತರದ ಸಂಶೋಧನಾ ಕೆಲಸ) ಹೋಗಿದ್ದು ಫ್ರಾನ್ಸಿಗೆ. ಅಲ್ಲಿ ಸಂಶೋಧಕರಿಗೆ ‘ಟ್ಯಾಲೆಂಟ್’ ಎಂಬ ವಾಸದ ಪರ್ಮಿಟ್ ಇದೆ. ಅದಕ್ಕೆ ಆಫರ್ ಲೆಟರ್ ಸಾಲದು. ಕರೆಸಿಕೊಳ್ಳುವ ಸಂಸ್ಥೆ ಕೊಡುವ ‘ಕನ್ವೆನ್ಸಿಯೋಂ ದಾಕ್ಕೊಯ್’ ಎಂಬ ಒಪ್ಪಂದಪತ್ರ ಬೇಕು. ಅದನ್ನು ಮೊದಲೇ ಕೇಳಿ, ನಾಚಿಕೊಳ್ಳಬೇಡಿ. ಕೆಲಸ 12 ತಿಂಗಳೊಳಗಿದ್ದರೆ ವೀಸಾವೇ ಪರ್ಮಿಟ್. ತಲುಪಿದ 3 ತಿಂಗಳೊಳಗೆ ಆನ್‌ಲೈನಿನಲ್ಲಿ ದೃಢೀಕರಿಸಿದರೆ ಆಯಿತು. ಅದಕ್ಕಿಂತ ಜಾಸ್ತಿ ಇದ್ದರೆ ಅಲ್ಲಿಗೆ ಹೋದ 2 ತಿಂಗಳೊಳಗೆ ಪರ್ಮಿಟ್ ಕಾರ್ಡಿಗೆ ಅರ್ಜಿ ಹಾಕಬೇಕು. ಅದು 4 ವರ್ಷದವರೆಗೂ ಸಿಗುತ್ತದೆ.

ಇನ್ನು ಜನನ ಪ್ರಮಾಣಪತ್ರ. ಅಲ್ಲಿನ ಆರೋಗ್ಯ ವಿಮೆಯವರು ಕಾಯಂ ನಂಬರ್ ಕೊಡಲು ಅದನ್ನೇ ಕೇಳುತ್ತಾರೆ. ತಂದೆ–ತಾಯಿ ಹೆಸರು ಇರಲೇಬೇಕು, ಮೇಲೆ ಅಪೋಸ್ಟಿಲ್, ಅಂದರೆ ದಾಖಲೆ ಅಸಲಿ ಎಂದು ಬೇರೆ ದೇಶಕ್ಕೆ ತೋರಿಸುವ ಸರ್ಕಾರಿ ಮುದ್ರೆ. ನಾನು ಹುಟ್ಟಿದ್ದು ಧಾರವಾಡದಲ್ಲಿ. ಹಳೇ ಪತ್ರದಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ! ನಮ್ಮ ಕಾಲದ ಎಷ್ಟೋ ಜನರದ್ದು ಹೀಗೇ ಅಲ್ವಾ? ಅಣ್ಣ ಪಾಲಿಕೆಗೆ ಓಡಾಡಿ ಹೆಸರು ಸೇರಿಸಿಸಿ, ಕನ್ನಡ–ಇಂಗ್ಲಿಷ್ ಎರಡೂ ಇರುವ ಪ್ರತಿ ತಂದ. ಅಪೋಸ್ಟಿಲ್‌ಗೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ ಬೇಕು. ನಾನು ಪುಣೆಯಲ್ಲಿದ್ದರೂ ಮಹಾರಾಷ್ಟ್ರದಲ್ಲಿ ಅದು ಆಗದು. ಪತ್ರ ಕೊಟ್ಟ ರಾಜ್ಯದಲ್ಲೇ ಆಗಬೇಕು, ಅಂದರೆ ಬೆಂಗಳೂರು. ಮನೆಯವರ ಪರ್ಮಿಟ್‌ಗೆ ಮದುವೆ ಪತ್ರವೂ ಬೇಕಿತ್ತು. ನಮ್ಮ ಮದುವೆ ನೋಂದಣಿ ಆಗಿದ್ದು ಪುಣೆಯಲ್ಲಿ, ಹಾಗಾಗಿ ಆ ಪತ್ರ ದೃಢೀಕರಣಕ್ಕೆ ಮುಂಬೈಗೆ. ಆಮೇಲೆ ಎರಡಕ್ಕೂ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್. ಏಜೆಂಟರೊಬ್ಬರು ‘ಎಲ್ಲಾ ಇಲ್ಲೇ ಮಾಡಿಸಿಕೊಡ್ತೀನಿ’ ಎಂದು ಮುಂಗಡ ಕೇಳಿದ್ದರು. ಕೊಡಲಿಲ್ಲ.

ಜರ್ಮನಿಗೆ ಹೊರಟಿದ್ದ ಗೆಳತಿ ನನ್ನ ಹಾದಿಯನ್ನೇ ಹಿಡಿಯಲು ಹೊರಟಿದ್ದಳು, ತಡೆದೆ. ಭಾರತ 2005ರಲ್ಲಿ ಅಪೋಸ್ಟಿಲ್ ಒಪ್ಪಂದ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತ್ತು. ಹಾಗಾಗಿ ನಮ್ಮ ಅಪೋಸ್ಟಿಲ್ ಅಲ್ಲಿ ನಡೆಯದು, ಲೆಕ್ಕವೇ ಬೇರೆ.

ಫ್ರೆಂಚ್ ಅನುವಾದವನ್ನು ಇಲ್ಲಿ ಸುಮ್ನೆ ಯಾರಿಂದಲೋ ಮಾಡಿಸಬೇಡಿ, ಪ್ರಮಾಣಿತ, ಅಂದರೆ ಅಧಿಕೃತ ಮಾನ್ಯತೆ ಇರುವ ಅನುವಾದಕರೇ ಬೇಕು. ನಾನು ಅಪೋಸ್ಟಿಲ್ ಆದ ಮೇಲೇ ಮಾಡಿಸಿದೆ. ಆ ಮುದ್ರೆಯೂ ಅನುವಾದದಲ್ಲಿ ಬರಬೇಕಲ್ಲ.

ಮನೆಯವರಿಗೆ ‘ಟ್ಯಾಲೆಂಟ್ ಕುಟುಂಬ’ ಪರ್ಮಿಟ್ ಸಿಕ್ಕಿತು. ಅದರಲ್ಲಿ ಅವರೂ ಕೆಲಸ ಮಾಡಬಹುದು, ಬೇರೆ ಅನುಮತಿ ಬೇಡ.