ಬ್ಯಾಕ್‌ಪ್ಯಾಕ್ ಹೊತ್ತು ಯುರೋಪಿನ ನೆಂಟರ ಮನೆಗೆ ಹೋಗುವವರಿಗೆ

ಎರಡು ಮೂರು ತಿಂಗಳು ಯುರೋಪ್ ಸುತ್ತೋಕೆ ಹೊರಟಿದ್ದೀರಿ ಅಂತ ಗೊತ್ತಾದ ಕೂಡಲೇ ಮನೆಯಲ್ಲಿ ಹೆಸರುಗಳು ಒಂದೊಂದಾಗಿ ಹೊರಗೆ ಬರುತ್ತವೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಅಮ್ಮನ ಸೋದರತ್ತೆಯ ಮೊಮ್ಮಗಳಿದ್ದಾಳೆ, ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ ಚಿಕ್ಕಪ್ಪನ ಷಡ್ಡಕನ ಮಗ ಇದ್ದಾನೆ, ಲಂಡನ್ ಹತ್ತಿರ ಅಜ್ಜಿಯ ತವರಿನ ಕಡೆಯ ಡಾಕ್ಟರ್ ಮಾವ ಇದ್ದಾರೆ. "ಅಲ್ಲೇ ಉಳ್ಕೊ, ಸುಮ್ನೆ ಹೋಟೆಲ್ಲಿಗೆ ಯಾಕೆ ದುಡ್ಡು ದಂಡ" ಅಂತ ಎಲ್ಲರೂ ಹೇಳುತ್ತಾರೆ. ಹೋಗಿ, ಖಂಡಿತ ಹೋಗಿ. ಆದರೆ ಹಾಸ್ಟೆಲ್ ದುಡ್ಡು ಉಳಿಸೋಕೆ ಅಂತ ಮಾತ್ರ ಹೋಗಬೇಡಿ. ಅಲ್ಲಿ ಪಾತ್ರೆ ತೊಳೆಯಲು, ನೆಲ ಒರೆಸಲು ಯಾರೂ ಬರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯೇ ಜಾಸ್ತಿ. ಮನೆಯೂ ಚಿಕ್ಕದು, ಹಾಲ್‌ನ ಸೋಫಾ ಬಿಡಿಸಿದರೆ ಅದೇ ಅತಿಥಿಯ ಕೋಣೆ. ನೆಂಟರು ಬಂದರು ಅಂದರೆ ಅಷ್ಟೂ ಕೆಲಸ ಅವರ ಮೈಮೇಲೇ ಬೀಳುತ್ತದೆ. ಇದೊಂದು ತಲೆಯಲ್ಲಿದ್ದರೆ ಮುಂದೆ ಹೇಳುವುದರಲ್ಲಿ ಅರ್ಧ ನಿಮಗೇ ಹೊಳೆಯುತ್ತದೆ.

ಮೊದಲು ವರಸೆ ತಿಳ್ಕೊಳ್ಳಿ

ದೂರದ ನೆಂಟರು ಅಂದಮೇಲೆ ಸಂಬಂಧ ಸರಿಯಾಗಿ ಗೊತ್ತಿರಬೇಕು. ಅಮ್ಮನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾರ ಮಗಳು, ಯಾವ ಊರಿನ ಮನೆ, ಅವರ ಅಪ್ಪ ಅಮ್ಮ ಈಗ ಎಲ್ಲಿದ್ದಾರೆ, ಹೇಗಿದ್ದಾರೆ. ಮನೆಯಲ್ಲಿ ಈಚೆಗೆ ಯಾರಾದರೂ ತೀರಿಕೊಂಡಿದ್ದಾರಾ, ಎರಡು ಮನೆಗಳ ನಡುವೆ ಜಮೀನಿನದೋ ಮದುವೆಯದೋ ಮನಸ್ತಾಪ ಇದೆಯಾ ಅನ್ನುವುದನ್ನೂ ಕೇಳಿ. ಇದನ್ನು ಕೇಳಲು ಸಂಕೋಚ ಬೇಡ. ಗೊತ್ತಿಲ್ಲದೆ ಹೋಗಿ ಊಟದ ಹೊತ್ತಿಗೆ ಅದೇ ವಿಷಯ ಎತ್ತಿದರೆ ಅವರಿಗೂ ಕಷ್ಟ, ನಿಮಗೂ ಕಷ್ಟ. ಕರೆಯುವುದು ಹೇಗೆ ಅಂತಲೂ ತಿಳಿದುಕೊಂಡು ಹೋಗಿ. ವರಸೆಯಲ್ಲಿ ಅತ್ತೆ ಆಗುವವರು ವಯಸ್ಸಿನಲ್ಲಿ ನಿಮಗಿಂತ ಚಿಕ್ಕವರಿರಬಹುದು, ಹಾಗಿದ್ದಾಗ ಅವರನ್ನೇ "ಏನಂತ ಕರೀಲಿ" ಅಂತ ಕೇಳಿಬಿಡಿ.

ಪರಿಚಯ ಮಾಡಿಸುವುದು ದೊಡ್ಡವರ ಕೆಲಸ, ಕೇಳುವುದು ನಿಮ್ಮ ಕೆಲಸ. ಅಮ್ಮನ ಕೈಲಿ ಫೋನ್ ಮಾಡಿಸಿ "ನಮ್ಮ ಹುಡುಗ ಬರ್ತಾನೆ, ನೋಡ್ಕೊಳ್ಳಿ" ಅಂತ ಹೇಳಿಸಿದರೆ ದಾಕ್ಷಿಣ್ಯಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ. ಆ ದಾಕ್ಷಿಣ್ಯದ ಮೇಲೆ ಹೋಗುವುದು ಸರಿ ಅಲ್ಲ. ನೀವೇ ಮೆಸೇಜ್ ಮಾಡಿ, ಸುಮಾರು ಒಂದೂವರೆ ತಿಂಗಳು ಮುಂಚೆ. ಹೀಗೆ ಬರೆದರೆ ಸಾಕು:

"ನಮಸ್ಕಾರ ಅಕ್ಕ. ನಾನು ಸಾಗರದ ದೊಡ್ಡಜ್ಜಿಯ ತಂಗಿಯ ಮೊಮ್ಮಗ, ಚಿಕ್ಕಮ್ಮ ನಿಮ್ಮ ನಂಬರ್ ಕೊಟ್ಟರು. ಮೇ ಎರಡನೇ ವಾರ ಮ್ಯೂನಿಕ್‌ಗೆ ಬರ್ತಿದ್ದೀನಿ, ಹಾಸ್ಟೆಲ್ ನೋಡಿಟ್ಟಿದ್ದೀನಿ. ನಿಮಗೆ ಬಿಡುವಿದ್ದರೆ ಒಂದು ಸಂಜೆ ಬಂದು ಮಾತಾಡಿಸಿಕೊಂಡು ಹೋಗಬೇಕು ಅಂತ ಆಸೆ. ಆ ವಾರ ಆಗಲ್ಲ ಅಂದರೂ ಪರವಾಗಿಲ್ಲ, ಹೇಳಿ."

ಹಾಸ್ಟೆಲ್ ನೋಡಿಟ್ಟಿದ್ದೀನಿ ಅನ್ನುವ ಮಾತು ಮುಖ್ಯ, ಮತ್ತು ಅದು ನಿಜವಾಗಿರಬೇಕು. ಉಳಿಸಿಕೊಳ್ಳಲು ಅನುಕೂಲ ಇದ್ದವರು ತಾವಾಗಿಯೇ "ಹಾಸ್ಟೆಲ್ ಯಾಕೆ, ಮನೆಗೇ ಬಾ" ಅನ್ನುತ್ತಾರೆ. ಅನುಕೂಲ ಇಲ್ಲದವರು ಒಂದು ಸಂಜೆ ಊಟಕ್ಕೆ ಕರೆಯುತ್ತಾರೆ. ಎರಡೂ ಒಳ್ಳೆಯದೇ. ಉತ್ತರ ಬರಲಿಲ್ಲ ಅಂದರೆ ಇನ್ನೊಂದು ಸಲ ನೆನಪಿಸಿ, ಅಷ್ಟಕ್ಕೆ ಬಿಡಿ. ಊರಲ್ಲಿ ಆ ವಿಷಯ ಎತ್ತಬೇಡಿ.

ವೀಸಾ ವಿಚಾರ

ಇಲ್ಲಿ ನೆಂಟಸ್ತಿಕೆ ಮತ್ತು ಕಾಗದ ಪತ್ರ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಸ್ವಲ್ಪ ನಿಧಾನವಾಗಿ ನೋಡಿ. ಷೆಂಗೆನ್ ವೀಸಾಕ್ಕೆ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾಕ್ಕೆ, ಅರ್ಜಿ ಹಾಕುವಾಗ ಎಲ್ಲಿ ಉಳಿಯುತ್ತೀರಿ ಅಂತ ತೋರಿಸಬೇಕು. ನಿಮ್ಮ ಖರ್ಚು ನೀವೇ ನೋಡಿಕೊಳ್ಳುವುದಾದರೆ ಜರ್ಮನಿಯಲ್ಲಿರುವ ನೆಂಟರಿಂದ ಒಂದು ಸಾದಾ ಆಹ್ವಾನ ಪತ್ರ, ಅವರ ವಾಸದ ಪರವಾನಗಿಯ ಪ್ರತಿ, ವಿಳಾಸದ ದಾಖಲೆ ಕೇಳಬಹುದು. ಅಲ್ಲಿಯ ಫೆರ್‌ಫ್ಲಿಷ್ಟುಂಗ್ಸ್‌ಎರ್‌ಕ್ಲೇರುಂಗ್ ಅನ್ನುವ ಕಾಗದವೇ ಬೇರೆ. ಅದಕ್ಕೆ ಸಹಿ ಹಾಕಿದವರು ನಿಮ್ಮ ಊಟ, ವಸತಿ, ಆಸ್ಪತ್ರೆ, ಕೊನೆಗೆ ನಿಮ್ಮನ್ನು ವಾಪಸ್ ಕಳಿಸುವ ಖರ್ಚಿಗೂ ಕಾನೂನಿನ ಪ್ರಕಾರ ಹೊಣೆ ಆಗುತ್ತಾರೆ. ದೂರದ ನೆಂಟರ ಹತ್ತಿರ ಅದನ್ನು ಕೇಳಲೇಬೇಡಿ. ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ಗಟ್ಟಿ ಮಾಡಿಕೊಂಡು, ಅದನ್ನೇ ತೋರಿಸಿ.

ಫ್ರಾನ್ಸಿನಲ್ಲಿ ಯಾರದಾದರೂ ಮನೆಯಲ್ಲಿ ಉಳಿಯುತ್ತೀನಿ ಅಂದರೆ ಆ ಮನೆಯವರು ಪುರಸಭೆಗೆ ಹೋಗಿ ಅತೆಸ್ತಾಸ್ಯೋಂ ದಾಕೈ ಅನ್ನುವ ಪತ್ರ ಮಾಡಿಸಬೇಕು, ಅದಕ್ಕೆ 30 ಯೂರೊ ಶುಲ್ಕವೂ ಇದೆ. ಎರಡು ರಾತ್ರಿಗೋಸ್ಕರ ಯಾರನ್ನೂ ಅಷ್ಟು ಓಡಾಡಿಸಬಾರದು. ಪ್ಯಾರಿಸ್‌ನಲ್ಲಿ ಹಾಸ್ಟೆಲ್‌ನಲ್ಲೇ ಇದ್ದು ನೆಂಟರ ಮನೆಗೆ ಊಟಕ್ಕೆ ಹೋಗಿಬನ್ನಿ. ಇಟಲಿಯಲ್ಲಿ ಯುರೋಪ್ ಒಕ್ಕೂಟದ ಹೊರಗಿನವರನ್ನು ಮನೆಯಲ್ಲಿ ಇಟ್ಟುಕೊಂಡವರು 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಹೋಟೆಲ್‌ನಲ್ಲಿ ಈ ಕೆಲಸ ಅವರೇ ಮಾಡುತ್ತಾರೆ, ನಮಗೆ ಗೊತ್ತೂ ಆಗುವುದಿಲ್ಲ. ಮನೆಯಲ್ಲಿ ಉಳಿದರೆ ನೀವೇ ನೆನಪಿಸಿ, ಪಾಸ್‌ಪೋರ್ಟ್ ಪ್ರತಿ ಕೊಡಿ. ಮುಂದೆ ಥಾಯ್ಲೆಂಡ್ ಕಡೆ ಹೋಗುವವರಿದ್ದರೆ ಅಲ್ಲೂ ಇಂಥದೇ ನಿಯಮ, ಅಲ್ಲಿ ಗಡುವು 24 ಗಂಟೆ.

ದಿನಗಳ ಲೆಕ್ಕ ಮರೆಯಬೇಡಿ. ಷೆಂಗೆನ್‌ನಲ್ಲಿ ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ, ಅದೂ ನಿಮ್ಮ ವೀಸಾ ಚೀಟಿಯಲ್ಲಿ ಎಷ್ಟು ದಿನ ಅಂತ ಬರೆದಿದೆಯೋ ಅಷ್ಟೇ. "ಇನ್ನೆರಡು ದಿನ ಇರು" ಅಂತ ಅತ್ತೆ ಎಷ್ಟೇ ಪ್ರೀತಿಯಿಂದ ಹೇಳಿದರೂ ಆ ಚೀಟಿ ನೋಡಿಯೇ ಹೂಂ ಅನ್ನಿ. 2025ರ ಅಕ್ಟೋಬರ್ 12ರಿಂದ ಬೆರಳಚ್ಚು, ಮುಖದ ಫೋಟೊ ತೆಗೆದು ಒಳಹೊರಗಿನ ದಿನಾಂಕವನ್ನು ಕಂಪ್ಯೂಟರಿಗೆ ಸೇರಿಸುವ ವ್ಯವಸ್ಥೆ ಶುರುವಾಗಿದೆ. ಒಂದು ದಿನ ಜಾಸ್ತಿ ಆದರೂ ಗೊತ್ತಾಗುತ್ತದೆ. ಬ್ರಿಟನ್ನಿಗೆ ಬೇರೆಯದೇ ವೀಸಾ ಬೇಕು, ಷೆಂಗೆನ್ ವೀಸಾ ಅಲ್ಲಿ ನಡೆಯುವುದಿಲ್ಲ. ನೆಂಟರ ವಿಳಾಸ, ಫೋನ್ ನಂಬರನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಗಡಿಯಲ್ಲಿ ಅಧಿಕಾರಿ ಕೇಳುವ ಹೊತ್ತಿಗೆ ಮೊಬೈಲ್ ಆಫ್ ಆಗಿದ್ದರೆ ಆ ಕಾಗದವೇ ಗತಿ.

ಏನು ತಗೊಂಡು ಹೋಗೋದು

ಊರಿಂದ ನೇರ ಹೋಗುವವರಿಗೂ ಬೆನ್ನಿಗೆ ಚೀಲ ಹಾಕಿಕೊಂಡು ನಾಲ್ಕು ದೇಶ ದಾಟಿ ಹೋಗುವವರಿಗೂ ವ್ಯತ್ಯಾಸ ಇದೆ. ನಿಮ್ಮ ಚೀಲದಲ್ಲಿ ಜಾಗವೇ ಇಲ್ಲ. ಜೊತೆಗೆ ನಿಯಮಗಳೂ ಇವೆ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಭಾರತದಿಂದ ಯುರೋಪ್ ಒಕ್ಕೂಟಕ್ಕೆ ಒಯ್ಯುವ ಹಾಗಿಲ್ಲ, ಬ್ರಿಟನ್ನಿಗೂ ಇಲ್ಲ. ಅಂದರೆ ಧಾರವಾಡ ಪೇಡ, ಮನೆಯ ತುಪ್ಪ ಎರಡೂ ಹೋದವು. ಕರಿಬೇವಿನ ಸೊಪ್ಪು, ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ, ಅದು ನಮ್ಮ ಹತ್ತಿರ ಇರುವುದಿಲ್ಲ. ಒಣ ಕೊಬ್ಬರಿ ಗಿಟುಕಂತೂ ವಿಮಾನಕ್ಕೇ ಹತ್ತುವುದಿಲ್ಲ, ಎಣ್ಣೆ ಜಾಸ್ತಿ, ತಾನಾಗಿ ಬಿಸಿಯಾಗಿ ಬೆಂಕಿ ಹತ್ತಬಹುದು ಅಂತ. ದಾರಿಯಲ್ಲಿ ದುಬೈಯಲ್ಲೋ ಸಿಂಗಪುರದಲ್ಲೋ ಇಳಿದು ಹೋಗುವವರಾದರೆ ಗಸಗಸೆ ಮುಟ್ಟಲೇಬೇಡಿ, ಆ ಎರಡೂ ಕಡೆ ಅದು ನಿಷೇಧ.

ಹಾಗಾದರೆ ಉಳಿದದ್ದು ಏನು? ಕಾಲು ಕೆಜಿ ಫಿಲ್ಟರ್ ಕಾಫಿ ಪುಡಿ, ಅಂಗಡಿಯಲ್ಲಿ ಸೀಲ್ ಮಾಡಿದ್ದು. ಸಾರಿನ ಪುಡಿ, ಹುಳಿಪುಡಿಯ ಸಣ್ಣ ಪ್ಯಾಕೆಟ್. ಮೈಸೂರ್ ಸ್ಯಾಂಡಲ್ ಸೋಪು. ಇವನ್ನು ಒಂದೇ ಮನೆಗೆ, ಮೊದಲ ಮನೆಗೆ ಮಾತ್ರ ಇಟ್ಟುಕೊಳ್ಳಿ. ಆಮೇಲಿನ ಮನೆಗಳಿಗೆ ನೀವು ದಾಟಿ ಬಂದ ಊರಿನ ಹಣ್ಣು, ಬಿಸ್ಕತ್ತು, ಮಕ್ಕಳಿಗೆ ಒಂದು ಚಿತ್ರದ ಪುಸ್ತಕ ಸಾಕು.

ತೂಕವೇ ಇಲ್ಲದ ಇನ್ನೊಂದು ಇದೆ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಹೊರಡುವ ಮುಂಚೆ ಆ ನೆಂಟರ ಊರಿನ ಮನೆಗೆ ಹೋಗಿಬನ್ನಿ. ಅವರ ಅಮ್ಮನೋ ದೊಡ್ಡಪ್ಪನೋ ಮಾತಾಡುವುದನ್ನು ಐದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಜಗಲಿ, ಹಿತ್ತಿಲು, ಬಾವಿಕಟ್ಟೆ, ಅವರು ಓದಿದ ಶಾಲೆ, ಈಗ ಆ ರಸ್ತೆ ಹೇಗಿದೆ ಅಂತ ವಿಡಿಯೊ ಮಾಡಿ. ದಿನಾ ವಿಡಿಯೊ ಕಾಲ್ ಮಾಡುವವರಿಗೂ ಫೋನ್ ಹಿಡಿದ ಮುಖ ಕಾಣುತ್ತದೆ ಅಷ್ಟೇ, ಮನೆ ಕಾಣುವುದಿಲ್ಲ. ನಲವತ್ತು ವರ್ಷದ ಹಿಂದೆ ಇಂಗ್ಲೆಂಡಿಗೆ ಹೋದ ಡಾಕ್ಟರ್ ಮಾವನಿಗೆ ಇದರಷ್ಟು ಬೆಲೆಯದು ಬೇರೇನೂ ಇಲ್ಲ. ಬದಲಿಗೆ ಅವರಿಂದ ಹಳೇ ಫೋಟೊಗಳ ಪ್ರತಿ ಕೇಳಿ, ಅದರಲ್ಲಿರುವವರ ಹೆಸರು ಬರೆಸಿಕೊಳ್ಳಿ. ಮನೆತನದ ಅರ್ಧ ಕಥೆ ಹೀಗೆ ಹೊರಗೆ ಹೋದವರ ಹತ್ತಿರವೇ ಉಳಿದಿರುತ್ತದೆ.

"ಇದೊಂದು ಪಾರ್ಸೆಲ್ ಕೊಟ್ಟುಬಿಡು" ಅನ್ನುವವರಿಗೆ ಮೃದುವಾಗಿ ಇಲ್ಲ ಅನ್ನಿ. ಒಳಗೆ ಏನಿದೆ ಅಂತ ನೋಡದೆ ಯಾರ ಕಟ್ಟನ್ನೂ ಒಯ್ಯಬೇಡಿ. ಔಷಧಿ ಇದ್ದರೆ ಡಾಕ್ಟರ್ ಚೀಟಿ ಬೇಕು. ಬಂಗಾರ ಬೇಡವೇ ಬೇಡ.

ಮನೆಯಲ್ಲಿ ಇರುವಾಗ

ಶುಕ್ರವಾರ ಸಂಜೆ ಹೋಗಿ ಭಾನುವಾರ ಹೊರಡುವುದು ಎಲ್ಲರಿಗೂ ಹಿತ. ಹೋಗುವ ದಿನದ ಜೊತೆ ಹೊರಡುವ ದಿನವನ್ನೂ ಮೊದಲೇ ಹೇಳಿ, ಬಸ್ ಟಿಕೆಟ್ ತೋರಿಸಿದರೆ ಇನ್ನೂ ಒಳ್ಳೆಯದು. ರಾತ್ರಿ ಬಸ್ಸುಗಳು ಬೆಳಗಿನ ಜಾವ ನಾಲ್ಕಕ್ಕೋ ಐದಕ್ಕೋ ಇಳಿಸುತ್ತವೆ. ಆ ಹೊತ್ತಿಗೆ ಬೆಲ್ ಒತ್ತಬೇಡಿ, ಸ್ಟೇಷನ್ನಿನಲ್ಲಿ ಕಾಫಿ ಕುಡಿದು ಅವರು ಹೇಳಿದ ಹೊತ್ತಿಗೆ ಹೋಗಿ. ಕರೆದುಕೊಂಡು ಹೋಗಲು ಬನ್ನಿ ಅನ್ನಬೇಡಿ, ಟ್ರಾಮಿನ ನಂಬರ್ ಕೇಳಿ.

ಹಾಸ್ಟೆಲ್‌ಗಳಲ್ಲಿ ತಿಗಣೆ ಕಾಟ ಇರುತ್ತದೆ. ಚೀಲವನ್ನು ಹಾಸಿಗೆ ಮೇಲೆ, ಸೋಫಾ ಮೇಲೆ ಇಡಬೇಡಿ. ಹಿಂದಿನ ಊರಲ್ಲೇ ಲಾಂಡ್ರಿಗೆ ಹೋಗಿ ಎಲ್ಲ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು, ಬಿಸಿ ಡ್ರೈಯರ್‌ನಲ್ಲಿ ಒಣಗಿಸಿಕೊಂಡು ಹೋದರೆ ಆ ಮನೆಗೆ ನೀವು ಮಾಡುವ ದೊಡ್ಡ ಉಪಕಾರ. ಬಚ್ಚಲಿನಲ್ಲಿ ನೋಡಿ ನೀರು ಹಾಕಿ, ಶವರ್ ಜಾಗ ಬಿಟ್ಟರೆ ನೆಲದಲ್ಲಿ ನೀರು ಹೋಗುವ ದಾರಿ ಇಲ್ಲದ ಮನೆಗಳೇ ಹೆಚ್ಚು. ಜರ್ಮನಿಯಲ್ಲಿ ರಾತ್ರಿ 10ರ ಮೇಲೆ ಗಲಾಟೆ ಮಾಡುವಂತಿಲ್ಲ, ಭಾನುವಾರ ಇಡೀ ದಿನ ಹಾಗೆಯೇ. ಪಕ್ಕದ ಮನೆಯವರ ದೂರು ಬರುವುದು ನಿಮಗಲ್ಲ, ವರ್ಷಗಟ್ಟಲೆ ಅಲ್ಲೇ ಬಾಳಬೇಕಾದ ನಿಮ್ಮ ನೆಂಟರಿಗೆ. ಕಸ ಬೇರೆ ಮಾಡುವುದನ್ನು ಮೊದಲ ದಿನವೇ ಕೇಳಿ ಕಲಿಯಿರಿ. ಜರ್ಮನಿಯಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ, ಅಂಗಡಿಗೆ ಮರಳಿಸಿದರೆ ಸಾಮಾನ್ಯವಾಗಿ ಒಂದಕ್ಕೆ 25 ಸೆಂಟ್ ವಾಪಸ್ ಬರುತ್ತದೆ.

ದುಡ್ಡು ಕೊಟ್ಟರೆ ಯಾರೂ ತೆಗೆದುಕೊಳ್ಳುವುದಿಲ್ಲ, ಬೇಜಾರೂ ಮಾಡಿಕೊಳ್ಳುತ್ತಾರೆ. ಶನಿವಾರ ಅವರ ಜೊತೆ ತರಕಾರಿ ತರಲು ಹೋಗಿ ಕೌಂಟರಿನಲ್ಲಿ ನೀವೇ ಕಾರ್ಡ್ ತೋರಿಸಿ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಅದಕ್ಕೇ ಶನಿವಾರ. ಒಂದು ಹೊತ್ತಿನ ಅಡುಗೆ ನಿಮ್ಮದು ಅಂತ ಮೊದಲೇ ಹೇಳಿಬಿಡಿ. ಚಿತ್ರಾನ್ನ ಆದರೂ ಸರಿ, ಬಿಸಿಬೇಳೆಭಾತ್ ಬಂದರೆ ಇನ್ನೂ ಸರಿ, ಆದರೆ ಅಡುಗೆ ಆದಮೇಲೆ ಒಲೆ ಒರೆಸಿ ಪಾತ್ರೆ ತೊಳೆದಿಟ್ಟೇ ಕೂರಬೇಕು. ಅವರ ಮನೆಯಲ್ಲಿ ಮೊಟ್ಟೆ ಮಾಂಸ ನಡೆಯುತ್ತದಾ ಅಂತ ಕೇಳದೆ ತರಬೇಡಿ.

ಹಗಲು ನಿಮ್ಮ ಪಾಡಿಗೆ ನೀವು ಸುತ್ತಿಬನ್ನಿ. ರಜೆ ಹಾಕಿ ಊರು ತೋರಿಸಲಿ ಅಂತ ಕಾಯಬೇಡಿ. ಶನಿವಾರ ಎಲ್ಲರೂ ಹೊರಗೆ ಹೋಗೋಣ ಅಂದರೆ ಮ್ಯೂನಿಕ್‌ನಲ್ಲಿ ಬಾಯರ್ನ್ ಟಿಕೆಟ್ ನೀವು ಕೊಳ್ಳಿ. ಒಂದೇ ಟಿಕೆಟ್ಟಿನಲ್ಲಿ ಐದು ಜನರವರೆಗೆ ಸ್ಥಳೀಯ ರೈಲುಗಳಲ್ಲಿ ಇಡೀ ದಿನ ಓಡಾಡಬಹುದು, ನೋಯ್‌ಶ್ವಾನ್‌ಸ್ಟೈನ್ ಕೋಟೆಯ ಪಕ್ಕದ ಫ್ಯೂಸೆನ್‌ಗೂ ಆಗುತ್ತದೆ, ಆಸ್ಟ್ರಿಯಾದ ಸಾಲ್ಸ್‌ಬುರ್ಗ್‌ಗೂ ಆಗುತ್ತದೆ. ಲಂಡನ್ ಕಡೆಯ ಹಿರಿಯರಿದ್ದರೆ ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಲ್ಲಿ ನಿಲ್ಲಿಸಿದ ಬಸವಣ್ಣನ ಪ್ರತಿಮೆಯವರೆಗೆ ಜೊತೆಯಲ್ಲಿ ನಡೆದುಕೊಂಡು ಹೋಗಿಬನ್ನಿ.

ಅವರ ವಿಳಾಸಕ್ಕೆ ಬ್ಯಾಂಕ್ ಕಾರ್ಡೋ ಪಾರ್ಸೆಲ್ಲೋ ತರಿಸುವುದಿದ್ದರೆ ಮೊದಲು ಕೇಳಿ. ಜರ್ಮನಿಯಲ್ಲಿ ಅಂಚೆಡಬ್ಬಿಯ ಮೇಲೆ ಇರುವ ಹೆಸರಿಗೇ ಟಪಾಲು ಬರುವುದು. ನಿಮ್ಮ ಹೆಸರಿನ ಕೆಳಗೆ ಕೇರ್ ಆಫ್ ಅಂತ ಅಂಚೆಡಬ್ಬಿಯ ಮೇಲಿರುವ ಅವರ ಹೆಸರು ಬರೆಸದಿದ್ದರೆ ಅದು ವಾಪಸ್ ಹೋಗುತ್ತದೆ.

ಊರಿಗೆ ವರದಿ ಕೊಡಬೇಡಿ

ನೀವು ಹೊರಟ ಮೇಲೆ ಊರಿಂದ ಫೋನ್ ಬರುತ್ತದೆ. ಮನೆ ಸ್ವಂತದ್ದಾ ಬಾಡಿಗೆಯಾ, ಸಂಬಳ ಎಷ್ಟಂತೆ, ಮಗು ಯಾಕಂತೆ ಇನ್ನೂ ಆಗಿಲ್ಲ, ಜೊತೆಗಿರುವ ಹುಡುಗ ಯಾರು, ಮನೆಯಲ್ಲಿ ಏನು ತಿಂತಾರೆ. ಕೇಳುವವರಿಗೆ ಕೆಟ್ಟ ಮನಸ್ಸು ಇರಬೇಕಂತಿಲ್ಲ, ಆದರೆ ನೀವು ಹೇಳಿದ ಒಂದು ಮಾತು ನಾಲ್ಕು ಮನೆ ದಾಟಿ ವಾಪಸ್ ಅವರ ಕಿವಿಗೇ ಬೀಳುತ್ತದೆ. "ಚೆನ್ನಾಗಿದ್ದಾರೆ, ತುಂಬಾ ಚೆನ್ನಾಗಿ ನೋಡಿಕೊಂಡರು" ಅಷ್ಟೇ ಹೇಳಿ. ಬಾಗಿಲು ತೆರೆದು ಒಳಗೆ ಕರೆದವರು ನಿಮ್ಮನ್ನು ನಂಬಿದ್ದಾರೆ. ಕಷ್ಟ ಹೇಳಿಕೊಂಡಿದ್ದರೆ, ಕೆಲಸ ಹೋಗಿದೆ ಅಂತಲೋ ಆರೋಗ್ಯ ಸರಿ ಇಲ್ಲ ಅಂತಲೋ, ಅದು ನಿಮ್ಮಲ್ಲೇ ಇರಲಿ. ಅವರ ಮಕ್ಕಳ ಫೋಟೊವನ್ನು ಕೇಳದೆ ಇನ್‌ಸ್ಟಾಗ್ರಾಮಿಗೆ ಹಾಕಬೇಡಿ, ಕುಟುಂಬದ ವಾಟ್ಸಾಪ್ ಗ್ರೂಪಿಗೂ ಹಾಕಬೇಡಿ.

ಹೊರಡುವ ಬೆಳಗ್ಗೆ ಹಾಸಿಗೆ ಬಟ್ಟೆ ತೆಗೆದು ಮಡಿಸಿ, ಎಲ್ಲಿಡಲಿ ಅಂತ ಕೇಳಿ. ಬೀಗದ ಕೈ ವಾಪಸ್ ಕೊಡಿ. ಮುಂದಿನ ಊರು ಮುಟ್ಟಿದ ಕೂಡಲೇ ಒಂದು ಮೆಸೇಜ್. ಪ್ರವಾಸ ಮುಗಿಸಿ ಊರಿಗೆ ಬಂದಮೇಲೆ ಅವರ ಅಪ್ಪ ಅಮ್ಮನ ಮನೆಗೆ ಹೋಗಿ, ಅಲ್ಲಿ ತೆಗೆದ ಫೋಟೊಗಳನ್ನು ತೋರಿಸಿ, ಆಗಬೇಕಾದ ಕೆಲಸ ಏನಾದರೂ ಇದೆಯಾ ಕೇಳಿ. ಮಕ್ಕಳು ಹೊರಗಿರುವ ಮನೆಗಳಲ್ಲಿ ಒಂದಲ್ಲ ಒಂದು ಇದ್ದೇ ಇರುತ್ತದೆ: ಫೋನಿನ ಬ್ಯಾಂಕ್ ಆ್ಯಪ್ ತೆರೆಯುತ್ತಿಲ್ಲ, ಗ್ಯಾಸ್ ಬುಕ್ ಆಗುತ್ತಿಲ್ಲ, ನವೆಂಬರ್ ಬಂತು, ಪಿಂಚಣಿಯ ಜೀವಂತ ಪ್ರಮಾಣಪತ್ರ ಕೊಡಬೇಕು. ಅರ್ಧ ದಿನ ಬಿಡುವು ಮಾಡಿಕೊಂಡು ಅದನ್ನು ಮುಗಿಸಿಕೊಟ್ಟು ಬನ್ನಿ.